ಎತ್ತುವ ರಾಟೆ, ಹೊರುವ ಅಟ್ಟ

ಕಾರಿನ ಹಾರ್ಡ್‌ಟಾಪನ್ನು, ಅಂದರೆ ಬಿಚ್ಚಿ ತೆಗೆಯಬಹುದಾದ ಗಟ್ಟಿ ಮೇಲ್ಮುಚ್ಚಿಗೆಯನ್ನು, ಕಳಚುವುದಕ್ಕೆ ಜೊತೆಗೊಬ್ಬರು ಕೈಹಾಕಿದರೆ ಸಾಕು. ಕಳಚಿದ್ದನ್ನು ಎಲ್ಲಿ ಇಡಬೇಕು ಎಂಬುದೇ ತಲೆನೋವು. ಮಾಜ್ದಾ ಮಿಯಾಟಾದಂತಹ ಎರಡು ಸೀಟಿನ ಚಿಕ್ಕ ಕಾರಿನ ಟಾಪು 20 ಕಿಲೋದ ಆಸುಪಾಸಿನಲ್ಲಿರುವುದರಿಂದ ಅದನ್ನು ಹಳೆಯ ಕಂಬಳಿಯಲ್ಲಿ ಸುತ್ತಿ ಗೋಡೆಗೆ ಒರಗಿಸಿಟ್ಟರೂ ನಡೆಯುತ್ತದೆ. ನಾಲ್ಕು ಬಾಗಿಲಿನ ಜೀಪ್ ರ‍್ಯಾಂಗ್ಲರ್‌ನ ಟಾಪಿನ ವಿಷಯ ಬೇರೆ. 2007ರ ಮಾದರಿಯಿಂದ ಅದು ಮೂರು ತುಂಡುಗಳಲ್ಲಿ ಬರುತ್ತಿದ್ದು, ಮುಂದಿನ ಎರಡು ಹಲಗೆಗಳನ್ನು ಒಬ್ಬರೇ ಬಿಚ್ಚಿ ಕೆಳಗಿಳಿಸಬಹುದು. ಉಳಿಯುವ ಹಿಂದಿನ ದೊಡ್ಡ ತುಂಡೇ ನಮ್ಮ ಸಮಸ್ಯೆ. ಇಡೀ ಟಾಪಿನ ತೂಕ ಸರಿಸುಮಾರು 65 ಕಿಲೋ, ಅದರಲ್ಲಿ ಬಹುಪಾಲು ಈ ತುಂಡಿನದೇ. ತೂಕಕ್ಕಿಂತ ಹೆಚ್ಚು ಕಾಡುವುದು ಅದರ ಆಕಾರ: ತಳವೂ ಇಲ್ಲದ, ಮುಂಬದಿಯೂ ಇಲ್ಲದ, ಮೂರು ಕಡೆ ಗಾಜಿರುವ, ಎಲ್ಲಿ ಹಿಡಿದರೂ ಸರಿಯಾದ ಹಿಡಿತ ಸಿಗದ ಫೈಬರಿನ ಚಿಪ್ಪು ಅದು. ನೆಲದ ಮೇಲಿಟ್ಟರೆ ಇನ್ನೊಂದು ಕಾರಿನಷ್ಟು ಜಾಗ ನುಂಗುತ್ತದೆ, ಹಿಂಬದಿಯ ಮೇಲೆ ನೆಟ್ಟಗೆ ನಿಲ್ಲಿಸಿದರೆ ಭಾರವೆಲ್ಲ ಗಾಜಿರುವ ಕಡೆಗೇ ಬೀಳುತ್ತದೆ. ಹೀಗಾಗಿ ಎಲ್ಲರ ಕಣ್ಣೂ ಕೊನೆಗೆ ಹೋಗುವುದು ಗ್ಯಾರೇಜಿನ ಛಾವಣಿಯ ಕಡೆಗೆ.

ಛಾವಣಿಗೆ ರಾಟೆ ಕಟ್ಟಿ ಎತ್ತುವ ವ್ಯವಸ್ಥೆಯನ್ನು ಸ್ವತಃ ಮಾಡಿಕೊಳ್ಳುವವರ ಯೋಚನೆಯೆಲ್ಲ ಎತ್ತುವುದರ ಸುತ್ತಲೇ ತಿರುಗುತ್ತದೆ: ಎಷ್ಟು ರಾಟೆ ಬೇಕು, ಹಗ್ಗವನ್ನು ಸುತ್ತಿಕೊಂಡು ಎಳೆಯುವ ವಿಂಚ್ ಯಾವುದು ಬೇಕು, ಮೋಟಾರು ಹಾಕಬೇಕೆ ಬೇಡವೆ. ಆದರೆ ಎತ್ತುವ ಕೆಲಸ ನಡೆಯುವುದು ಕೆಲವೇ ನಿಮಿಷ, ಅದೂ ನಾವು ಪಕ್ಕದಲ್ಲೇ ನಿಂತು ಕಣ್ಣಿಟ್ಟು ನೋಡುತ್ತಿರುವಾಗ. ಆಮೇಲೆ ಅದೇ ಟಾಪು ತಿಂಗಳುಗಟ್ಟಲೆ ಯಾರ ಗಮನವೂ ಇಲ್ಲದೆ ಮೇಲೆ ಇರುತ್ತದೆ. ಅದರ ಕೆಳಗೆ ಕಾರು ನಿಂತಿರುತ್ತದೆ, ಮನೆಯವರು ಓಡಾಡುತ್ತಿರುತ್ತಾರೆ. ಇವೆರಡೂ ಬೇರೆ ಬೇರೆ ಕೆಲಸಗಳಾದ್ದರಿಂದ ಎರಡಕ್ಕೂ ಬೇರೆ ಬೇರೆ ಸಾಧನ ಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ರಾಟೆ ಎತ್ತಲಿ, ಹೊರುವುದಕ್ಕೆ ಅಟ್ಟದಂತಹ ಇನ್ನೊಂದು ಆಸರೆ ಇರಲಿ. ನನ್ನ ಗ್ಯಾರೇಜಿನ ವ್ಯವಸ್ಥೆಯನ್ನು ರೂಪಿಸುವಾಗ ತೆಗೆದುಕೊಂಡ ತೀರ್ಮಾನಗಳೆಲ್ಲ ಈ ಒಂದು ವಿಂಗಡಣೆಯಿಂದಲೇ ಹೊರಟವು.

ಮೇಲೆ ತೂಗುವ ಭಾರಕ್ಕೆ ಕಾಲವೂ ಸೇರಿಕೊಂಡರೆ ಏನಾಗಬಹುದು ಎಂಬುದಕ್ಕೆ ಇದಕ್ಕಿಂತ ಬಹಳ ದೊಡ್ಡದೊಂದು ಉದಾಹರಣೆಯಿದೆ. 2006ರ ಜುಲೈ 10ರಂದು ಅಮೆರಿಕದ ಬಾಸ್ಟನ್ ನಗರದ ಹೆದ್ದಾರಿ ಸುರಂಗವೊಂದರಲ್ಲಿ ಛಾವಣಿಗೆ ತೂಗುಹಾಕಿದ್ದ ಕಾಂಕ್ರೀಟ್ ಹಲಗೆಗಳು ಕಳಚಿ ಕಾರೊಂದರ ಮೇಲೆ ಬಿದ್ದು, ಒಳಗಿದ್ದ ಮಹಿಳೆಯೊಬ್ಬರು ಮೃತಪಟ್ಟರು. ಹಲಗೆಗಳನ್ನು ಹಿಡಿದಿದ್ದ ಬೋಲ್ಟುಗಳನ್ನು ಎಪಾಕ್ಸಿ ಅಂಟಿನಿಂದ ಕಾಂಕ್ರೀಟಿನಲ್ಲಿ ಕೂರಿಸಲಾಗಿತ್ತು. ಬೋಲ್ಟು ತುಂಡಾಗಿರಲಿಲ್ಲ, ಎಡೆಬಿಡದ ಎಳೆತದಲ್ಲಿ ಅಂಟೇ ಸ್ವಲ್ಪ ಸ್ವಲ್ಪವಾಗಿ ಜಾರುತ್ತ ಬಂದಿತ್ತು ಎಂಬುದನ್ನು ಅಲ್ಲಿನ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಯ ತನಿಖೆ ತೋರಿಸಿಕೊಟ್ಟಿತು. ಒಂದು ಸಲ ಜಗ್ಗಿ ನೋಡಿದಾಗ ಗಟ್ಟಿಯಾಗಿರುವುದು ವರ್ಷಗಟ್ಟಲೆ ಜಗ್ಗಿಸಿಕೊಂಡಾಗಲೂ ಗಟ್ಟಿಯಾಗಿಯೇ ಇರುತ್ತದೆಂಬ ಭರವಸೆಯಿಲ್ಲ. ಗ್ಯಾರೇಜಿನಲ್ಲಿ ಕೊಕ್ಕೆ ಹಾಕಿ, ಅದಕ್ಕೊಮ್ಮೆ ಜೋತುಬಿದ್ದು ನೋಡಿ, ಸರಿಯಾಗಿದೆ ಎಂದು ತೀರ್ಮಾನಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ಮರದ ತೊಲೆಗಳ ಛಾವಣಿಯಾದರೆ ತೊಲೆಯ ತಳಕ್ಕೆ ಕೊಕ್ಕೆಯ ಸ್ಕ್ರೂ ತಿರುಗಿಸುವುದು ಎಲ್ಲರಿಗೂ ಮೊದಲು ಹೊಳೆಯುವ ಉಪಾಯ, ನನಗೆ ಅತ್ಯಂತ ಕಡಿಮೆ ಹಿಡಿಸುವ ಉಪಾಯವೂ ಅದೇ. ಅಲ್ಲಿ ಇಡೀ ಭಾರ ಮರದ ನಾರಿನೊಳಗೆ ಕಚ್ಚಿಕೊಂಡ ಸ್ಕ್ರೂವಿನ ಸುತ್ತುಗಳ ಮೇಲೆ ನಿಂತಿರುತ್ತದೆ. ಮರ ಒಣಗಿ ಸೀಳುಬಿಟ್ಟರೆ ಆ ಹಿಡಿತ ಸಡಿಲವಾಗುತ್ತದೆ. ಜೊತೆಗೆ ಭಾರ ಹೊತ್ತ ತೊಲೆಯ ತಳದ ಅಂಚಿನಲ್ಲೇ ಎಳೆತ ಅತಿ ಹೆಚ್ಚಾಗಿರುವುದರಿಂದ ಅಲ್ಲಿ ತೂತು ಕೊರೆದರೆ ತೊಲೆಯೇ ದುರ್ಬಲವಾಗುತ್ತದೆ. ಅದರ ಬದಲು ತೊಲೆಯ ಎತ್ತರದ ನಡುಭಾಗದಲ್ಲಿ ಅಡ್ಡಲಾಗಿ ತೂತು ಕೊರೆದು, ಬೋಲ್ಟನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಪೂರ್ತಿ ತೂರಿಸಿ, ಎರಡೂ ಕಡೆ ಅಗಲವಾದ ವಾಷರ್ ಹಾಕಿ ಬಿಗಿದರೆ ಸ್ಕ್ರೂ ಕಿತ್ತುಬರುವ ಪ್ರಶ್ನೆಯೇ ಏಳುವುದಿಲ್ಲ. ಇನ್ನೂ ಒಳ್ಳೆಯದೆಂದರೆ ತೊಲೆಗಳ ಮೇಲ್ಗಡೆ ಅಡ್ಡವಾಗಿ ಉಕ್ಕಿನ ಚೌಕ ಕೊಳವೆಯೊಂದನ್ನು ಮಲಗಿಸಿ ಭಾರವನ್ನು ಮೂರು ನಾಲ್ಕು ತೊಲೆಗಳಿಗೆ ಹಂಚುವುದು. ಆಗ ಭಾರ ತೊಲೆಯ ಮೇಲೆ ಕೂರುತ್ತದೆ. ತೆಳ್ಳಗಿನ ಮರದ ಪಟ್ಟಿಗಳನ್ನು ತ್ರಿಕೋನಾಕಾರವಾಗಿ ಜೋಡಿಸಿ ಕಾರ್ಖಾನೆಯಿಂದ ತಂದು ಕೂರಿಸುವ ಟ್ರಸ್‌ಗಳ ಮಾತು ಬೇರೆ. ಅವುಗಳ ಕೆಳಪಟ್ಟಿಯನ್ನು ಸಾಮಾನ್ಯವಾಗಿ ಒಳಛಾವಣಿಯ ಹಲಗೆಗಳ ತೂಕವನ್ನಷ್ಟೇ ಲೆಕ್ಕಹಾಕಿ ಮಾಡಿರುತ್ತಾರಾದ್ದರಿಂದ, ಎಂಜಿನಿಯರನ್ನು ಕೇಳದೆ ಅದಕ್ಕೇನನ್ನೂ ತೂಗುಹಾಕಬಾರದು.

ಕಾಂಕ್ರೀಟ್ ಸ್ಲ್ಯಾಬಿನಲ್ಲಿ ತೊಡಕು ಬೇರೆ ರೀತಿಯದು. ಸ್ಲ್ಯಾಬಿನ ನಟ್ಟನಡುವೆ ತಳಭಾಗ ಸದಾ ಎಳೆತದಲ್ಲಿರುವುದರಿಂದ ಕಣ್ಣಿಗೆ ಕಾಣದ ಕೂದಲೆಳೆಯ ಬಿರುಕುಗಳು ಅಲ್ಲಿ ಸಹಜ. ತೂತಿನೊಳಗೆ ಅಗಲಿಸಿ ಕೂರುವ ಆ್ಯಂಕರ್ ಬೋಲ್ಟು ಅಂತಹ ಬಿರುಕಿನ ಮೇಲೇ ಬಿದ್ದರೆ ಅದರ ಹಿಡಿತ ಕಡಿಮೆಯಾಗುತ್ತದೆ. ಬಿರುಕುಬಿಟ್ಟ ಕಾಂಕ್ರೀಟಿಗೆಂದೇ ಪರೀಕ್ಷಿಸಿದ ಬೋಲ್ಟುಗಳು ಸಿಗುತ್ತವೆ, ಅವನ್ನೇ ಆರಿಸಬೇಕು. ಕಂಬಗಳ ನಡುವಿನ ಬೀಮ್ ಕೈಗೆಟುಕುವಂತಿದ್ದರೆ ಅದರ ಬದಿಗೆ ಪಟ್ಟಿ ಕೂರಿಸಿ, ಬೋಲ್ಟಿನ ಮೇಲೆ ಬೀಳುವ ಬಲ ನೇರವಾಗಿ ಕೀಳದೆ ಅಡ್ಡಕ್ಕೆ ಒತ್ತುವಂತೆ ಮಾಡುವುದು ಮೇಲು. ಛಾವಣಿಯೊಳಗೆ ಏನಿದೆಯೆಂಬುದೇ ಗೊತ್ತಿಲ್ಲದವರಿಗೆ ನನ್ನ ಸಲಹೆ ಒಂದೇ: ಛಾವಣಿಯನ್ನು ಅದರ ಪಾಡಿಗೆ ಬಿಟ್ಟು, ನೆಲದ ಮೇಲೆ ನಾಲ್ಕು ಕಾಲೂರಿ ನಿಲ್ಲುವ ಉಕ್ಕಿನ ಚೌಕಟ್ಟನ್ನು ಮಾಡಿಸಿ. ಖರ್ಚೇನೋ ಹೆಚ್ಚಾಗುತ್ತದೆ, ಆದರೆ ಆ ಚೌಕಟ್ಟಿನ ಬಲ ಎಷ್ಟೆಂದು ಲೆಕ್ಕಹಾಕಿ ಹೇಳಬಹುದು.

ಈಗ ರಾಟೆಯ ವಿಷಯ. ಛಾವಣಿಗೆ ಒಂದು ರಾಟೆ ಕಟ್ಟಿ, ಹಗ್ಗದ ಒಂದು ತುದಿಗೆ 65 ಕಿಲೋ ಕಟ್ಟಿ, ಇನ್ನೊಂದು ತುದಿಯನ್ನು ಕೆಳಗಿನಿಂದ ಎಳೆದರೆ ಆ ರಾಟೆಯ ಕೊಕ್ಕೆಯ ಮೇಲೆ ಬೀಳುವ ಭಾರ ಎಷ್ಟು? ಹೆಚ್ಚಿನವರ ಉತ್ತರ 65. ಸರಿಯಾದ ಉತ್ತರ 130, ಏಕೆಂದರೆ ಹಗ್ಗದ ಎರಡೂ ಎಳೆಗಳು ರಾಟೆಯನ್ನು ಕೆಳಕ್ಕೆ ಜಗ್ಗುತ್ತಿರುತ್ತವೆ. ವಿಂಚನ್ನು ಗೋಡೆಯ ಬುಡದಲ್ಲಿ ಕೂರಿಸಿ, ಹಗ್ಗವನ್ನು ಗೋಡೆಗುಂಟ ಮೇಲಕ್ಕೊಯ್ದು, ಒಂದು ರಾಟೆಯ ಮೂಲಕ ತಿರುಗಿಸಿ, ಛಾವಣಿಗುಂಟ ಅಡ್ಡಲಾಗಿ ತಂದು, ಎರಡನೆಯ ರಾಟೆಯಿಂದ ಕೆಳಗಿಳಿಸಿದರೆ ಪ್ರತಿಯೊಂದು ರಾಟೆಯ ಮೇಲೂ ಓರೆಯಾಗಿ 92 ಕಿಲೋದಷ್ಟು ಎಳೆತ ಬೀಳುತ್ತದೆ. ಈ ಓರೆ ಎಳೆತವೇ ಕೊಕ್ಕೆಗಳನ್ನು ನಿಧಾನವಾಗಿ ಸಡಿಲಿಸುವುದು. ನೇರ ಕೆಳಕ್ಕೆ ಎಳೆಸಿಕೊಳ್ಳಲೆಂದು ಹಾಕಿದ ಕೊಕ್ಕೆ ಪಕ್ಕಕ್ಕೆ ಎಳೆದಾಗ ಬಾಗುತ್ತದೆ. ಇದರ ಮೇಲೆ ಇನ್ನೊಂದು ಮಾತನ್ನೂ ಸೇರಿಸಿಕೊಳ್ಳಬೇಕು: ಸಡಿಲವಾಗಿದ್ದ ಹಗ್ಗಕ್ಕೆ ಭಾರವನ್ನು ಒಮ್ಮೆಗೇ ಬಿಟ್ಟರೆ, ಅದು ಒಂದಿಂಚೂ ಬೀಳದಿದ್ದರೂ, ಆ ಕ್ಷಣದಲ್ಲಿ ಹಗ್ಗದ ಮೇಲಿನ ಎಳೆತ ಭಾರದ ಎರಡರಷ್ಟಾಗುತ್ತದೆ. ಸ್ವಲ್ಪ ಬಿದ್ದು ತಡೆದು ನಿಂತರಂತೂ ಅದಕ್ಕಿಂತ ಹೆಚ್ಚು. ಆದ್ದರಿಂದ 65 ಕಿಲೋದ ಟಾಪಿಗೆ 100 ಕಿಲೋ ಎಂದು ಬರೆದ ಕೊಕ್ಕೆಯನ್ನು ತಂದು ಹಾಕುವುದು ಉಳಿತಾಯದ ಲೆಕ್ಕವೇ ಹೊರತು ಭಾರದ ಲೆಕ್ಕವಲ್ಲ.

ನಾಲ್ಕು ಎಳೆಯ ರಾಟೆಜೋಡಿ ಹಾಕಿದರೆ ಕೈಯ ಮೇಲಿನ ಭಾರ ಕಾಲುಭಾಗಕ್ಕೆ, ಅಂದರೆ ಕಾಗದದ ಮೇಲೆ 16 ಕಿಲೋ ಚಿಲ್ಲರೆಗೆ ಇಳಿಯುತ್ತದೆ. ರಾಟೆಗಳ ತಿಕ್ಕಾಟ ಅದಕ್ಕೆ ತನ್ನ ಪಾಲನ್ನು ಸೇರಿಸುತ್ತದೆ. ಬದಲಿಗೆ ಟಾಪು ಒಂದೂವರೆ ಮೀಟರ್ ಮೇಲೇರಲು ಆರು ಮೀಟರ್ ಹಗ್ಗ ಎಳೆಯಬೇಕು. ಬರಿಗೈಯಿಂದ ಎಳೆಯುವುದರಲ್ಲಿ ಒಂದು ಲಾಭವಿದೆ: ಟಾಪು ಎಲ್ಲಿಯಾದರೂ ಸಿಕ್ಕಿಕೊಂಡರೆ ಕೈಗೆ ತಕ್ಷಣ ತಿಳಿಯುತ್ತದೆ. ಮೋಟಾರಿನ ಹಾಯ್ಸ್ಟ್‌ಗಳಿಗೆ ಆ ಸೂಕ್ಷ್ಮವಿಲ್ಲ. ಚಿಕ್ಕ ವಿದ್ಯುತ್ ಹಾಯ್ಸ್ಟ್‌ಗಳು ಒಂಟಿ ಎಳೆಯಲ್ಲಿ ನಿಮಿಷಕ್ಕೆ ಹತ್ತು ಮೀಟರಿನಷ್ಟು ವೇಗದಲ್ಲಿ ಎಳೆಯುತ್ತವೆ. ಸೆಕೆಂಡಿಗೆ ಒಂದು ಗೇಣಿನ ಹತ್ತಿರದ ಆ ವೇಗದಲ್ಲಿ, ಬಿಚ್ಚದೆ ಉಳಿದ ವೈರು ಕಣ್ಣಿಗೆ ಬೀಳುವ ಮೊದಲೇ ಕಿತ್ತುಹೋಗಿರುತ್ತದೆ.

ಕೈವಿಂಚುಗಳಲ್ಲಿಯೂ ಎರಡು ಜಾತಿಗಳಿವೆ, ನೋಟಕ್ಕೆ ಎರಡೂ ಒಂದೇ. ದೋಣಿಯನ್ನು ಟ್ರೇಲರಿಗೆ ಎಳೆದುಕೊಳ್ಳಲು ಬಳಸುವ ಸಾದಾ ವಿಂಚಿನಲ್ಲಿ ಹಲ್ಲುಚಕ್ರಕ್ಕೆ ಅಡ್ಡಬೀಳುವ ಒಂದು ನಾಲಗೆ ಮಾತ್ರ ಇರುತ್ತದೆ. ಮೇಲೇರಿಸುವಾಗ ಅದು ಟಕಟಕ ಎನ್ನುತ್ತ ಭಾರವನ್ನು ಹಿಡಿಯುತ್ತದೆ; ಇಳಿಸಬೇಕಾದರೆ ನಾಲಗೆಯನ್ನು ಎತ್ತಿ, ಇಡೀ ಭಾರವನ್ನು ಹಿಡಿಕೆಯಲ್ಲೇ ತಡೆಯಬೇಕು. ಕೈ ಜಾರಿತೋ, ಟಾಪು ಬೀಳುವುದರ ಜೊತೆಗೆ ಹಿಡಿಕೆಯೂ ಗಿರ್ರನೆ ತಿರುಗಿ ಮುಂಗೈ ಮುರಿಯುತ್ತದೆ. ಬ್ರೇಕ್ ಇರುವ ವಿಂಚಿನಲ್ಲಿ ಭಾರ ತಾನೇ ಬ್ರೇಕಿನ ಬಿಲ್ಲೆಗಳನ್ನು ಒತ್ತಿಹಿಡಿಯುವುದರಿಂದ ಹಿಡಿಕೆ ಬಿಟ್ಟರೂ ಅದು ನಿಂತಲ್ಲೇ ನಿಲ್ಲುತ್ತದೆ, ಇಳಿಸಲು ಹಿಮ್ಮುಖವಾಗಿ ತಿರುಗಿಸಬೇಕಾಗುತ್ತದೆ. ನನ್ನ ಆಯ್ಕೆ ಚೈನ್ ಬ್ಲಾಕ್. ಥಾಮಸ್ ವೆಸ್ಟನ್ 1854ರಲ್ಲಿ ರೂಪಿಸಿದ, ಒಂದೇ ಅಚ್ಚಿನ ಮೇಲೆ ತುಸು ಹೆಚ್ಚುಕಡಿಮೆ ಅಳತೆಯ ಎರಡು ಗಾಲಿಗಳಿರುವ ರಾಟೆಯ ವಂಶದ್ದು ಅದು. ಸರಪಳಿ ಎಳೆದಷ್ಟೇ ಏರುತ್ತದೆ, ಎಳೆದಷ್ಟೇ ಇಳಿಯುತ್ತದೆ, ಕೈಬಿಟ್ಟರೆ ಅಲ್ಲಾಡುವುದಿಲ್ಲ. ನಿಧಾನ, ಗದ್ದಲ, ಎಣ್ಣೆಯ ಜಿಡ್ಡು ಎಲ್ಲವೂ ನಿಜ. ಮಿಲಿಮೀಟರಿನ ಲೆಕ್ಕದಲ್ಲಿ ಇಳಿಸಬೇಕಾದ ವಸ್ತುವಿಗೆ ಆ ನಿಧಾನವೇ ಬೇಕು. ಉಕ್ಕಿನ ಹಗ್ಗವನ್ನೇ ಬಳಸುವವರು ತುದಿಯ ಕ್ಲಿಪ್ಪುಗಳನ್ನು ಗಮನಿಸಬೇಕು: ಯು ಆಕಾರದ ಬೋಲ್ಟು ಹಗ್ಗದ ಮೋಟುತುದಿಯ ಕಡೆಗೂ, ತಡಿಯಂತಹ ಅಗಲ ಭಾಗ ಭಾರ ಹೊರುವ ಎಳೆಯ ಕಡೆಗೂ ಬರಬೇಕು. ತಿರುಗುಮುರುಗಾದರೆ ಬೋಲ್ಟು ಭಾರ ಹೊರುವ ಎಳೆಯನ್ನೇ ಜಜ್ಜುತ್ತದೆ.

ಇಷ್ಟಾದ ಮೇಲೆ ಟಾಪನ್ನು ಹಿಡಿಯುವುದು ಹೇಗೆ? ನಾಲ್ಕು ಮೂಲೆಗೆ ನಾಲ್ಕು ಪಟ್ಟಿ ಕಟ್ಟಿ ಒಂದೇ ಕೊಕ್ಕೆಗೆ ಸೇರಿಸುವುದು ಸುಲಭವೆನಿಸುತ್ತದೆ. ಛಾವಣಿ ತಗ್ಗಾಗಿದ್ದಷ್ಟೂ ಈ ಪಟ್ಟಿಗಳು ಮಲಗಿಕೊಳ್ಳುತ್ತವೆ, ಮಲಗಿದಷ್ಟೂ ಅವುಗಳ ಎಳೆತ ಹೆಚ್ಚುತ್ತದೆ. ಲೆಕ್ಕಕ್ಕೆ ಎರಡೇ ಪಟ್ಟಿಗಳೆಂದುಕೊಳ್ಳೋಣ: ನೆಲಕ್ಕೆ 60 ಡಿಗ್ರಿ ಓರೆಯಲ್ಲಿದ್ದರೆ ಒಂದೊಂದರಲ್ಲಿ 37 ಕಿಲೋ ಚಿಲ್ಲರೆ ಎಳೆತ, 30 ಡಿಗ್ರಿಗೆ ಇಳಿದರೆ ಒಂದೊಂದರಲ್ಲೂ ಇಡೀ 65. ಅದಕ್ಕಿಂತ ಮುಖ್ಯವಾಗಿ, ಆ 30 ಡಿಗ್ರಿಯಲ್ಲಿ ಪ್ರತಿ ಪಟ್ಟಿಯೂ ಟಾಪಿನ ಅಂಚನ್ನು 56 ಕಿಲೋ ಬಲದಿಂದ ಒಳಕ್ಕೆ ಹಿಂಡುತ್ತಿರುತ್ತದೆ. ಮೂರು ಬದಿ ಮಾತ್ರವಿರುವ ಚಿಪ್ಪನ್ನು ಹಾಗೆ ಹಿಂಡಿದರೆ ಮೊದಲು ಬಾಗುವುದು ಅಂಚು, ಆಮೇಲೆ ಒಡೆಯುವುದು ಪಕ್ಕದ ಗಾಜು. ನಾಲ್ಕು ಪಟ್ಟಿಗಳಿಗೆ ಇನ್ನೊಂದು ಸ್ವಭಾವವೂ ಇದೆ: ಉದ್ದದಲ್ಲಿ ಒಂದಿಷ್ಟು ವ್ಯತ್ಯಾಸವಾದರೆ ಎದುರುಬದುರಿನ ಎರಡು ಮೂಲೆಗಳೇ ಬಹುಪಾಲು ಭಾರ ಹೊತ್ತು, ಉಳಿದೆರಡು ಸುಮ್ಮನೆ ಜೋತಾಡುತ್ತಿರುತ್ತವೆ. ಕುರ್ಚಿಯ ನಾಲ್ಕು ಕಾಲೂ ನೆಲಕ್ಕೆ ತಾಗದಿದ್ದಾಗ ಆಗುವಂಥದ್ದೇ ಇದು.

ಇದಕ್ಕೆ ಮದ್ದು ಹಿಂಡುವ ಬಲವನ್ನು ತಾನು ತೆಗೆದುಕೊಳ್ಳುವ ಉಕ್ಕಿನ ಚೌಕಟ್ಟು. ನಡುವೆ ಬೆನ್ನೆಲುಬಿನಂತೆ ಒಂದು ಉದ್ದ ಕೊಳವೆ, ಅದರ ಎರಡು ತುದಿಗಳಿಗೆ ಟಾಪಿನ ಅಗಲದ ಎರಡು ಅಡ್ಡ ಕೊಳವೆಗಳು, ಅವುಗಳಿಂದ ನೇರ ಕೆಳಕ್ಕಿಳಿಯುವ ಪಟ್ಟಿಗಳು. ನಡುಕೊಳವೆಯ ಉದ್ದಕ್ಕೂ ಸಾಲಾಗಿ ತೂತು ಕೊರೆದು, ಕೊಕ್ಕೆಯ ಬಳೆಯನ್ನು ಬೇಕಾದ ತೂತಿಗೆ ಬದಲಿಸುವಂತೆ ಮಾಡಿಕೊಂಡಿದ್ದೇನೆ, ಏಕೆಂದರೆ ಹಿಂದಿನ ಗಾಜು, ಅದರ ಕೀಲು, ವೈಪರಿನ ಮೋಟಾರು ಎಲ್ಲವೂ ಒಂದೇ ಕಡೆಗಿರುವುದರಿಂದ ಟಾಪಿನ ತೂಕದ ನಡುಬಿಂದು ಅದರ ಅಳತೆಯ ನಡುಬಿಂದುವಿಗಿಂತ ಹಿಂದಿರುತ್ತದೆ. ಅದು ಎಲ್ಲಿದೆಯೆಂದು ಕಂಡುಕೊಳ್ಳಲು ಲೆಕ್ಕ ಬೇಕಿಲ್ಲ. ಟಾಪನ್ನು ಬೆರಳು ದಪ್ಪದಷ್ಟು ಮಾತ್ರ ಎತ್ತಿ ನೋಡಿದರೆ ಮುಂಭಾಗ ಮೊದಲು ಏಳುತ್ತದೆ. ಇಳಿಸಿ, ಕೊಕ್ಕೆಯನ್ನು ಒಂದು ತೂತು ಹಿಂದಕ್ಕೆ ಸರಿಸಿ, ಮತ್ತೆ ಎತ್ತಬೇಕು. ನಡುಕೊಳವೆಯ ಮೇಲೆ ರಸಮಟ್ಟವೊಂದನ್ನು ಇಟ್ಟರೆ ಗುಳ್ಳೆ ಗೆರೆಗಳ ನಡುವೆ ನಿಲ್ಲುವ ತೂತು ಯಾವುದೆಂದು ಬೇಗನೆ ತಿಳಿಯುತ್ತದೆ. ಆ ತೂತಿಗೆ ಬಣ್ಣ ಹಚ್ಚಿಟ್ಟುಕೊಂಡರೆ ಮುಂದಿನ ಸಲ ಈ ಕೆಲಸವೇ ಇರುವುದಿಲ್ಲ.

ಎತ್ತರದ ಲೆಕ್ಕಕ್ಕೆ ಬಂದರೆ, ಕಾರು ಯಾವ ಮುಖವಾಗಿ ಒಳಗೆ ಬರುತ್ತದೆ ಎಂಬುದು ಇಡೀ ವ್ಯವಸ್ಥೆಯನ್ನೇ ಬದಲಿಸುತ್ತದೆ. ಮುಂದಿನ ಹಲಗೆಗಳನ್ನು ತೆಗೆದ ಟಾಪಿಗೆ ಮುಂಬದಿ ತೆರೆದೇ ಇರುತ್ತದೆ, ಹಿಂಬದಿಗೆ ಗಾಜಿನ ಗೋಡೆಯಿರುತ್ತದೆ. ಕಾರನ್ನು ಮೂತಿ ಒಳಗಾಗಿ ನಿಲ್ಲಿಸಿದ್ದರೆ, ಹಿಮ್ಮುಖವಾಗಿ ಹೊರಗೆ ಹೋಗುವಾಗ ಸೀಟುಗಳ ಮೇಲೆ ಉಕ್ಕಿನ ಕೊಳವೆಗಳಿಂದ ಕಟ್ಟಿದ ರೋಲ್ ಕೇಜೂ ಮುಂಗಾಜಿನ ಚೌಕಟ್ಟೂ ಆ ಹಿಂಬದಿಯ ಅಡಿಯಲ್ಲಿ ಹಾದುಹೋಗಬೇಕು. ಹಾಗಾಗಬೇಕಾದರೆ ಟಾಪನ್ನು ಹೆಚ್ಚುಕಡಿಮೆ ಅದರದೇ ಎತ್ತರದಷ್ಟು ಮೇಲಕ್ಕೆತ್ತಬೇಕು. ಅದೇ ಕಾರನ್ನು ಹಿಮ್ಮುಖವಾಗಿ ಒಳತಂದು ಮೂತಿ ಬಾಗಿಲ ಕಡೆಗಿರುವಂತೆ ನಿಲ್ಲಿಸಿದ್ದರೆ, ಹೊರಗೆ ಹೋಗುವಾಗ ರೋಲ್ ಕೇಜು ಟಾಪಿನ ತೆರೆದ ಮುಂಬದಿಯಿಂದಲೇ ಜಾರಿ ಹೊರಬರುತ್ತದೆ. ಆಗ ಟಾಪಿನ ತಳದ ಅಂಚು ಕಾರಿನ ಬದಿಗಳನ್ನೂ ಹಿಂದೆ ನೇತಾಡುವ ಸ್ಟೆಪ್ನಿಯನ್ನೂ ದಾಟುವಷ್ಟು ಏರಿದ್ದರೆ ಸಾಕು. ಛಾವಣಿ ತಗ್ಗಾಗಿರುವವರಿಗೆ ಇದು ವರವೇ ಸರಿ, ಏಕೆಂದರೆ ಹೀಗೆ ನಿಂತ ಕಾರಿನ ರೋಲ್ ಕೇಜು ಮೇಲೆ ತೂಗುತ್ತಿರುವ ಟಾಪಿನ ಹೊಟ್ಟೆಯೊಳಗೇ ಇರಬಹುದು. ಗ್ಯಾರೇಜಿನ ಬಾಗಿಲು ಮೇಲಕ್ಕೆ ಸರಿದು ಛಾವಣಿಗುಂಟ ಮಲಗುವ ಬಗೆಯದಾದರೆ, ಬಾಗಿಲನ್ನು ಪೂರ್ತಿ ತೆರೆದಿಟ್ಟೇ ಅಳತೆ ತೆಗೆದುಕೊಳ್ಳಬೇಕು.

ಇನ್ನು ನಾನು ಅಟ್ಟವೆಂದು ಕರೆದ ಭಾಗ. ಟಾಪು ಕಾರಿನ ಮೇಲೆ ಕೂರುವುದು ತನ್ನ ತಳದ ಅಂಚಿನ ಮೇಲೆ. ತಯಾರಕರು ಅದನ್ನು ಗಟ್ಟಿಮಾಡಿರುವುದೂ ಅಲ್ಲಿಯೇ. ತಿಂಗಳುಗಟ್ಟಲೆ ಇಡುವಾಗಲೂ ಅದು ಅಲ್ಲಿಯೇ ಕೂರಬೇಕು. ಛಾವಣಿಯಿಂದ ನಾಲ್ಕು ಸರಪಳಿಗಳನ್ನು ಇಳಿಬಿಟ್ಟು, ಟಾಪು ಮೇಲೇರಿದ ಮೇಲೆ ಅದರ ಅಂಚಿನಡಿಗೆ ಎರಡು ಅಡ್ಡ ಕೊಳವೆಗಳನ್ನು ತೂರಿಸಿ, ಸರಪಳಿಗಳಿಗೆ ಸಿಕ್ಕಿಸಿ, ಚೈನ್ ಬ್ಲಾಕನ್ನು ಸ್ವಲ್ಪ ಇಳಿಸಿದರೆ ಭಾರವೆಲ್ಲ ಕೊಳವೆಗಳ ಮೇಲೆ ಕೂತು, ಎತ್ತುವ ಸರಪಳಿ ಸಡಿಲವಾಗುತ್ತದೆ. ಆ ಸಡಿಲವೇ ನನಗೆ ಬೇಕಾದ ಗುರುತು: ಈಗ ಚೈನ್ ಬ್ಲಾಕಿನ ಮೇಲೆ ಏನೂ ಇಲ್ಲ, ಅದು ಕೆಟ್ಟರೂ ಟಾಪು ಬೀಳುವುದಿಲ್ಲ. ಈ ಸರಪಳಿಗಳ ಬುಡ ಎತ್ತುವ ಕೊಕ್ಕೆಯ ಬೋಲ್ಟನ್ನೇ ಹಂಚಿಕೊಂಡರೆ ಮಾತ್ರ ಇಷ್ಟೆಲ್ಲ ಮಾಡಿಯೂ ಪ್ರಯೋಜನವಿಲ್ಲ. ಅವುಗಳಿಗೆ ಪ್ರತ್ಯೇಕ ಆಧಾರವಿರಬೇಕು. ಒಂದು ತೊಡಕನ್ನೂ ಹೇಳಬೇಕು: ಅಡ್ಡ ಕೊಳವೆಗಳಿದ್ದರೆ ರೋಲ್ ಕೇಜನ್ನು ಟಾಪಿನ ಹೊಟ್ಟೆಯೊಳಗೆ ತೂರಿಸುವ ಉಪಾಯ ನಡೆಯುವುದಿಲ್ಲ. ತಗ್ಗಿನ ಛಾವಣಿಯವರು ಅಡ್ಡ ಕೊಳವೆಯ ಬದಲು, ಎರಡೂ ಬದಿಯಿಂದ ಅಂಚಿನಡಿಗೆ ಬರುವ ಗಿಡ್ಡ ತೋಳುಗಳನ್ನು ಬಿಗಿಯಾದ ಚೌಕಟ್ಟಿಗೆ ಕೂರಿಸಬೇಕಾಗುತ್ತದೆ; ಸರಪಳಿಗೆ ಜೋತುಬಿಟ್ಟ ಗಿಡ್ಡ ತೋಳು ಭಾರ ಬಿದ್ದೊಡನೆ ಹೊರಕ್ಕೆ ತಿರುಗಿಬಿಡುತ್ತದೆ.

ಎತ್ತುವ ದಿನದ ಕೆಲಸದಲ್ಲಿ ಹೇಳಬೇಕಾದದ್ದು ಕಡಿಮೆ. ಬೋಲ್ಟುಗಳನ್ನೆಲ್ಲ ಬಿಚ್ಚಿ ಒಂದು ಡಬ್ಬಿಯಲ್ಲಿ ಹಾಕಿ ಎಣಿಸಬೇಕು. ಹಿಂದಿನ ಗಾಜಿನ ಮಂಜು ಕರಗಿಸುವ ಡಿಫಾಗರಿಗೂ ವೈಪರಿಗೂ ಹೋಗುವ ವೈರಿನ ಪ್ಲಗ್ಗು, ನೀರು ಚಿಮುಕಿಸುವ ಸಣ್ಣ ಕೊಳವೆ ಎರಡನ್ನೂ ಬಿಡಿಸಬೇಕು. ಕೊಳವೆಯಿಂದ ಒಂದಿಷ್ಟು ನೀರು ತೊಟ್ಟಿಕ್ಕುತ್ತದೆ, ಅಡಿಗೆ ಬಟ್ಟೆ ಹಿಡಿದರಾಯಿತು. ಹಿಂಬಾಗಿಲನ್ನು ತೆರೆದಿಡಬೇಕು. ಬಹಳ ದಿನ ಒತ್ತಿಕೊಂಡಿದ್ದ ರಬ್ಬರ್ ಬೀಡಿಂಗ್ ಬಣ್ಣಕ್ಕೆ ಅಂಟಿಕೊಂಡಿರುತ್ತದೆಯಾದ್ದರಿಂದ ಮೊದಲು ಒಳಗಿನಿಂದ ಅಂಗೈಯಲ್ಲಿ ತಳ್ಳಿ ಅದನ್ನು ಬಿಡಿಸಿ, ಆಮೇಲೆ ಸರಪಳಿಗೆ ಕೈಹಾಕಬೇಕು. ಮೊದಲ ಕೆಲವು ಎಳೆತಗಳಲ್ಲಿ ನನ್ನ ಕಣ್ಣು ಟಾಪಿನ ಮೇಲಿರುವುದಿಲ್ಲ, ಹಿಂದಿನ ಚಕ್ರಕ್ಕೂ ಅದರ ಮೇಲಿನ ಮಡ್‌ಗಾರ್ಡಿಗೂ ನಡುವಿನ ಸಂದಿಯ ಮೇಲಿರುತ್ತದೆ. ಸರಪಳಿ ಬಿಗಿಯುತ್ತಿದ್ದಂತೆ ಆ ಸಂದಿ ದೊಡ್ಡದಾಗತೊಡಗಿದರೆ ಏಳುತ್ತಿರುವುದು ಟಾಪಲ್ಲ, ಕಾರು. ಎಲ್ಲೋ ಒಂದು ಬೋಲ್ಟು ಇನ್ನೂ ಉಳಿದಿದೆ ಎಂದರ್ಥ. ಹಾಗಾದಾಗ ನಿಲ್ಲಿಸಿ, ಇಳಿಸಿ, ಡಬ್ಬಿಯನ್ನು ಮತ್ತೆ ಎಣಿಸಬೇಕು. ಟಾಪು ಗಾಳಿಯಲ್ಲಿರುವಷ್ಟು ಹೊತ್ತು ಅದರಡಿಗೆ ಯಾರೂ ಹೋಗಕೂಡದು. ಅಡ್ಡ ಕೊಳವೆಗಳನ್ನು ತೂರಿಸುವುದೂ ಪಕ್ಕದಿಂದಲೇ.

ಮೇಲಿಟ್ಟ ಟಾಪಿಗೆ ದೂಳು ಕೂರದಂತೆ ಹತ್ತಿಯ ಬಟ್ಟೆ ಹೊದಿಸಬಹುದು. ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಒಳಗೆ ತೇವ ನಿಂತು ಬೀಡಿಂಗಿಗೆ ಬೂಷ್ಟು ಹಿಡಿಯುತ್ತದೆ. ವಾಪಸು ಕೂರಿಸುವಾಗ ಟಾಪು ಬೀಡಿಂಗಿಗೆ ತಾಗುವ ಮುನ್ನ ಒಂದು ಕ್ಷಣ ತಡೆದು, ಬೀಡಿಂಗ್ ಎಲ್ಲಿಯಾದರೂ ಒಳಕ್ಕೆ ಮಡಚಿಕೊಂಡಿದೆಯೇ ಎಂದು ಬೆರಳಾಡಿಸಿ ನೋಡಬೇಕು. ಮಡಚಿದ ಕಡೆಯಿಂದಲೇ ಮಳೆನೀರು ಒಳಗೆ ಬರುವುದು. ಬೋಲ್ಟುಗಳನ್ನು ಮೊದಲು ಎಲ್ಲ ತೂತುಗಳಿಗೂ ಕೈಯಿಂದಲೇ ನಾಲ್ಕಾರು ಸುತ್ತು ತಿರುಗಿಸಿ ಕೂರಿಸಿಕೊಳ್ಳಬೇಕು, ಚೈನ್ ಬ್ಲಾಕಿನ ಭಾರವನ್ನು ಪೂರ್ತಿ ಬಿಟ್ಟಮೇಲೆ ಎದುರುಬದುರಾಗಿ ಬಿಗಿಯಬೇಕು. ಪ್ಲಗ್ಗನ್ನು ಸಿಕ್ಕಿಸಿ, ವೈಪರ್ ಒಂದು ಸುತ್ತು ಆಡಿದ್ದನ್ನು ನೋಡಿದ ನಂತರವೇ ಒಳಗಿನ ಮುಚ್ಚಳಗಳನ್ನು ಹಾಕಬೇಕು.